ಹಂದಿಗಿಂತ ಮೊದಲು ಹುಲ್ಲು

ಅಸ್ಸಾಮಿನ ಒರಾಂಗ್ ರಾಷ್ಟ್ರೀಯ ಉದ್ಯಾನದಲ್ಲಿ ಪಿಗ್ಮಿ ಹಂದಿಗಳನ್ನು ಕಾಡಿಗೆ ಮರಳಿ ಬಿಡುವ ತಂಡಕ್ಕೆ ಪಶುವೈದ್ಯನಾಗಿ ಸೇರಿದ ಮೊದಲ ವಾರ ನಾನು ಒಂದು ಹಂದಿಯನ್ನೂ ನೋಡಲಿಲ್ಲ. ಹಿರಿಯರೊಬ್ಬರು ಕೈಗೆ ಕತ್ತಿ ಕೊಟ್ಟು, ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು ಕಡಿದು ತೆರವು ಮಾಡಿದ ಪಟ್ಟಿ) ಸವರುವ ಕಾವಲುಗಾರರ ಜೊತೆ ಕಳುಹಿಸಿದರು. ಬ್ರಹ್ಮಪುತ್ರದ ಉತ್ತರ ದಂಡೆಯ ಆ ನೆರೆಬಯಲಿನಲ್ಲಿ ಹುಲ್ಲು ಘೇಂಡಾಮೃಗವನ್ನೂ ಮರೆಮಾಡುವಷ್ಟು ಎತ್ತರ ಬೆಳೆಯುತ್ತದೆ; ಅದರ ಬುಡದಲ್ಲಿ ಬಾಳಬೇಕಾದ ಈ ಪ್ರಾಣಿಯ ಎತ್ತರ ಮಾತ್ರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ತೂಕ 8–9 ಕಿಲೊ.

ನಿರ್ನಾಮವಾಯಿತೆಂದೇ ಭಾವಿಸಲಾಗಿದ್ದ ಈ ಹಂದಿ 1971ರಲ್ಲಿ ಅಸ್ಸಾಮಿನ ಬರ್ನಾದಿ ಕಾಡಿನ ಬಳಿ ಮತ್ತೆ ಕಣ್ಣಿಗೆ ಬಿದ್ದದ್ದು, ಹುಲ್ಲಿಗೆ ಬಿದ್ದ ಬೆಂಕಿಗೆ ಹೆದರಿ ಚಹಾ ತೋಟಕ್ಕೆ ಓಡಿಬಂದಾಗ. 1996ರಲ್ಲಿ ಮಾನಸ್ ರಾಷ್ಟ್ರೀಯ ಉದ್ಯಾನದಿಂದ ಆರು ಹಂದಿಗಳನ್ನು ಹಿಡಿದು ತಂದು ಗುವಾಹಟಿ ಬಳಿಯ ಬಸಿಷ್ಠದಲ್ಲಿ ಸಂತಾನಾಭಿವೃದ್ಧಿ ಆರಂಭಿಸಲಾಯಿತು. 2008ರಲ್ಲಿ ಸೋನಾಯ್ ರೂಪಾಯ್ ಅಭಯಾರಣ್ಯಕ್ಕೆ ಮೊದಲ ತಂಡ ಹೋಯಿತು. 2011ರಿಂದ 2015ರವರೆಗೆ ಒರಾಂಗ್‌ಗೆ 59 ಹಂದಿಗಳನ್ನು ಬಿಡಲಾಯಿತು.

ಬಿಡುವ ಮುನ್ನ ಅವು ನಾಮೇರಿ ಸಮೀಪದ ಪೊಟಾಸಾಲಿಯಲ್ಲಿ ಕೆಲವು ತಿಂಗಳು ಕಾಡಿನ ಬದುಕನ್ನು ರೂಢಿಸಿಕೊಳ್ಳುತ್ತವೆ. ಅಲ್ಲಿನ ದೊಡ್ಡ ಆವರಣಗಳಲ್ಲಿ ಸಹಜವಾದ ಹುಲ್ಲನ್ನೇ ಬೆಳೆಸಿ, ಮನುಷ್ಯರ ಸುಳಿವು ಆದಷ್ಟು ಕಡಿಮೆಯಾಗುವಂತೆ ನೋಡಿಕೊಳ್ಳುತ್ತೇವೆ. ಮೂತಿಯಿಂದ ಮಣ್ಣು ಕೆದಕಿ ಗೆಡ್ಡೆ, ಬೇರು, ಎರೆಹುಳು ಹುಡುಕುವುದನ್ನು ನಾವು ಕಲಿಸಬೇಕಾಗಿಲ್ಲ. ಹಾಗೆ ಕೆದಕಿದ ನೆಲ ಸಡಿಲಗೊಂಡು ಗಾಳಿಯಾಡುವುದರಿಂದ ಹುಲ್ಲುಗಾವಲಿಗೆ ಈ ಪುಟ್ಟ ಪ್ರಾಣಿ ಸಲ್ಲಿಸುವ ಸೇವೆ ದೊಡ್ಡದೆಂದೇ ನನ್ನ ನಂಬಿಕೆ.

ನನ್ನನ್ನು ಹೆಚ್ಚು ಸೆಳೆದದ್ದು ಅವುಗಳ ಗೂಡು. ಹಂದಿ ಮೊದಲು ನೆಲದಲ್ಲಿ ಆಳವಿಲ್ಲದ ಗುಂಡಿ ತೋಡುತ್ತದೆ, ಬಾಯಲ್ಲಿ ಹುಲ್ಲು ಕಚ್ಚಿ ತಂದು ಹಾಸುತ್ತದೆ, ಬಳಿಕ ಸುತ್ತಲಿನ ಹುಲ್ಲನ್ನು ಬಗ್ಗಿಸಿ ಮೇಲೆ ಮಾಡು ಮಾಡಿಕೊಳ್ಳುತ್ತದೆ. ಹೆರಿಗೆಗೆ ಮಾತ್ರವಲ್ಲ, ವರ್ಷವಿಡೀ ಇಡೀ ಸಂಸಾರ ಅದರೊಳಗೇ ಮಲಗುತ್ತದೆ. ಈ ಹಂದಿಯ ಕತ್ತು ತಲೆಗಿಂತ ದಪ್ಪವಾದ್ದರಿಂದ ಇರುವ ಜಾಗದ ಸುಳಿವು ಕೊಡುವ ರೇಡಿಯೊ ಪಟ್ಟಿಯನ್ನು ಕತ್ತಿಗೆ ಕಟ್ಟಿದರೂ ಕಳಚಿ ಬೀಳುತ್ತದೆ. ಹೀಗಾಗಿ ಬಿಟ್ಟ ಮೇಲೆ ಗೂಡು, ಹಿಕ್ಕೆ, ಹೆಜ್ಜೆಗುರುತುಗಳೇ ನಮಗೆ ಮುಖ್ಯ ಆಧಾರ.

ಬಿಡುವ ಜಾಗದಲ್ಲಿ ಹುಲ್ಲಿನ ನಡುವೆಯೇ ತಾತ್ಕಾಲಿಕ ಬೇಲಿ ಕಟ್ಟಿ, ಪೆಟ್ಟಿಗೆಗಳಲ್ಲಿ ತಂದ ಹಂದಿಗಳನ್ನು ಎರಡು ಮೂರು ದಿನ ಅಲ್ಲಿರಿಸಿ, ಅನಂತರ ಬೇಲಿಯ ಒಂದು ಬದಿಯನ್ನು ಸದ್ದಿಲ್ಲದೆ ತೆಗೆದು ದೂರ ಸರಿಯುತ್ತೇವೆ. ಮೊದಲ ಸಲ ನಾನು ಉಸಿರು ಬಿಗಿಹಿಡಿದು ಕಾದೆ. ಬಹಳ ಹೊತ್ತಿನ ಮೇಲೆ ಒಂದು ಕಡೆ ಹುಲ್ಲಿನ ತುದಿಗಳು ಅಲುಗಿದವು, ಕಂಡದ್ದು ಅಷ್ಟೇ.

ಮರುವರ್ಷ ನಮ್ಮಿಂದ ತಪ್ಪಾಯಿತು. ಬಯಲನ್ನು ತುಂಡು ತುಂಡಾಗಿ, ಚಳಿಗಾಲದ ಆರಂಭದಲ್ಲೇ ಸುಟ್ಟರೆ ಸುಡದ ಪಟ್ಟಿಗಳಲ್ಲಿ ಹಂದಿಗಳಿಗೆ ಆಸರೆ ಉಳಿಯುತ್ತದೆ, ಸುಟ್ಟಲ್ಲಿ ಬೇಗ ಚಿಗುರು ಬರುತ್ತದೆ. ನಾವು ರೇಖೆ ಸವರುವುದನ್ನು ತಡಮಾಡಿದೆವು. ಫೆಬ್ರುವರಿಯ ಒಣ ಗಾಳಿಗೆ ಹೊರಗಿನಿಂದ ನುಗ್ಗಿದ ಬೆಂಕಿ, ನಾನು ಗೂಡುಗಳನ್ನು ಗುರುತಿಸಿದ್ದ ಪಟ್ಟಿಯನ್ನೇ ತಿಂದಿತು. ಬೂದಿಯಲ್ಲಿ ನಡೆದು ಹುಡುಕಿದೆವು; ಕಳೇಬರ ಒಂದೂ ಸಿಗಲಿಲ್ಲ. ಆದರೆ ಮಳೆಗೆ ಮುಂಚೆ ಮರಿಹಾಕಬೇಕಾದ ಪ್ರಾಣಿಗೆ ಮರೆಯೆಂಬುದೇ ಇರಲಿಲ್ಲ. ಆ ತಿಂಗಳುಗಳಲ್ಲಿ ನನಗೆ ನೆಮ್ಮದಿಯಾಗಿ ನಿದ್ದೆ ಬರಲಿಲ್ಲ.

ಅಂದಿನಿಂದ ನಾನು ಔಷಧದ ಪೆಟ್ಟಿಗೆಗಿಂತ ಮೊದಲು ಬೆಂಕಿರೇಖೆಯ ನಕ್ಷೆ ಕೇಳುತ್ತೇನೆ. ಮುಂದಿನ ಚಳಿಗಾಲದಲ್ಲಿ ಸಕಾಲಕ್ಕೆ ರೇಖೆ ಮುಗಿಸಿ, ಸುಡದೆ ಉಳಿಸಿದ ಪಟ್ಟಿಯೊಂದರಲ್ಲಿ ಹೊಸ ಗೂಡು ಕಂಡೆವು. ಮಾಡಿನ ಹುಲ್ಲು ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲೇ, ಮಲೆನಾಡಿನ ನಮ್ಮ ಊರಿನಲ್ಲಿ ಕಮ್ಯುನಿಸ್ಟ್ ಗಿಡವೆಂದು ಕರೆಯುವ ಅದೇ ಕಳೆ ತಲೆಯೆತ್ತಿತ್ತು. ಗೂಡಿನಿಂದ ದೂರ ಸರಿದು, ಅಂಚಿನಿಂದ ಅದನ್ನು ಬೇರುಸಹಿತ ಕೀಳತೊಡಗಿದೆವು.