ಹೊಲದಲ್ಲೊಂದು ಪುಟ್ಟ ಮನೆ: ಪಾಯದಿಂದ ಸೂರಿನವರೆಗೆ

ಇಲ್ಲಿನ ಲೆಕ್ಕವೆಲ್ಲ ಹೊರ ಅಳತೆ 20 ಅಡಿಗೆ 15 ಅಡಿ ಇರುವ, ಒಂದೇ ಅಂತಸ್ತಿನ ಮನೆಗೆ. ಇಷ್ಟು ಚಿಕ್ಕ ಮನೆ ಭಾರಕ್ಕೆ ಕುಸಿಯುವುದು ಅಪರೂಪ, ನೀರಿಗೆ ಹಾಳಾಗುವುದೇ ಹೆಚ್ಚು.

ಬೆಳೆ ಬಾರದ ಮೂಲೆಯನ್ನು ಮನೆಗೆ ಬಿಟ್ಟುಕೊಡೋಣ ಅನ್ನಿಸುವುದು ಸಹಜ. ಅಲ್ಲಿ ಬೆಳೆ ಬಾರದಿರುವುದು ನೀರು ನಿಲ್ಲುವುದಕ್ಕೋ ಏನೋ, ಮೊದಲು ನೋಡಿ. ಜೋರು ಮಳೆಯ ಮರುದಿನ ಹೊಲ ಸುತ್ತಿದರೆ ಗೊತ್ತಾಗಿಬಿಡುತ್ತದೆ. ಶೌಚದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ, ಅದೂ ಇಳಿಜಾರಿನ ಕೆಳಗಡೆ. ಜಮೀನು ಜಂಟಿಯಾಗಿದ್ದರೆ ಮನೆಯ ಜಾಗ, ದಾರಿ ಎರಡಕ್ಕೂ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಕಟ್ಟಡದ ಅನುಮತಿಯೂ ಮೊದಲೇ ಆಗಬೇಕು.

ಗುರುತು ಹಾಕುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿಯಿರಿ. 20, 15ರ ಮನೆಗೆ ಎರಡೂ ಕರ್ಣ ಸರಿಯಾಗಿ 25 ಅಡಿ ಬರಬೇಕು. ಒಂದಿಂಚು ಹೆಚ್ಚುಕಮ್ಮಿಯಾದರೂ ಗೂಟ ಸರಿಸಿ, ಇಲ್ಲದಿದ್ದರೆ ಆ ಸೊಟ್ಟು ಚಾವಣಿಯವರೆಗೂ ಹಿಂದೆಯೇ ಬರುತ್ತದೆ. ದಾರ ಕಟ್ಟುವ ಗೂಟಗಳನ್ನು ಗೆರೆಯಿಂದ 4 ಅಡಿ ಆಚೆ ನೆಡಿ. ಮೂಲೆಯಲ್ಲೇ ನೆಟ್ಟರೆ ಪಾಯ ತೋಡುವಾಗ ಅವೂ ಮಣ್ಣಿನ ಜೊತೆ ಹೋಗುತ್ತವೆ.

ಪಾಯ 2 ಅಡಿ ಅಗಲ, 3 ಅಡಿ ಆಳ ಅನ್ನುವುದು ಗಟ್ಟಿ ನೆಲದ ಮಾತು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಕೂತ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿಯುತ್ತದೆ. ಆ ಪದರ ದಾಟಿ ಗಟ್ಟಿ ನೆಲ ಸಿಗುವವರೆಗೆ ತೋಡಿ. 5 ಅಡಿಗೂ ಸಿಗದಿದ್ದರೆ ಎಂಜಿನಿಯರನ್ನು ಕರೆಸಿ. ತಳಕ್ಕೆ 6 ಇಂಚು ಕಾಂಕ್ರೀಟ್, ಸಿಮೆಂಟ್, ಮರಳು, ಜಲ್ಲಿಯ ಪಾಲು 1:4:8. ಅಂದರೆ ಒಂದು ಮೂಟೆ ಸಿಮೆಂಟಿಗೆ 5 ಘನ ಅಡಿ ಮರಳು, 10 ಘನ ಅಡಿ ಜಲ್ಲಿ. ಹೊರಗೋಡೆಗಳಿಗಷ್ಟೇ ಸುಮಾರು 7 ಮೂಟೆ ಬೇಕು.

ಅದರ ಮೇಲೆ ಕಲ್ಲುಕಟ್ಟಡ, ನೆಲಮಟ್ಟದಿಂದ 2 ಅಡಿ ಎತ್ತರಕ್ಕೆ. ಕಲ್ಲು ಉಳಿಸಲು ಇದನ್ನು ಒಂದಡಿಗೆ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ಮಳೆನೀರು ನೆಲಕ್ಕೆ ಬಡಿದು ಸಿಡಿದು ಗೋಡೆಯ ಬುಡ ತೋಯಿಸುತ್ತಲೇ ಇರುತ್ತದೆ. ಕಲ್ಲಿನ ಮೇಲೆ 9 ಇಂಚು ಅಗಲ, 6 ಇಂಚು ದಪ್ಪದ ಬೆಲ್ಟ್ (ಗೋಡೆಗಳ ಸುತ್ತ ಓಡುವ ಕಾಂಕ್ರೀಟ್ ಪಟ್ಟಿ), ಅದರೊಳಗೆ 10 ಎಂಎಂನ 4 ಸರಳು. ಮೂಲೆಗೆ ಬಂದ ಸರಳನ್ನು ಅಲ್ಲೇ ಕತ್ತರಿಸಬೇಡಿ. ಬಗ್ಗಿಸಿ ಪಕ್ಕದ ಗೋಡೆಯೊಳಗೆ 20 ಇಂಚು ಓಡಿಸಿ. ಬೆಲ್ಟ್ ಬಿರುಕು ಬಿಡುವುದು ಮೂಲೆಯಲ್ಲೇ. ಒಳಗೆ ಮಣ್ಣು ತುಂಬುವಾಗ 6 ಇಂಚಿಗೊಮ್ಮೆ ನೀರು ಹೊಡೆದು ದಮ್ಮಸು ಮಾಡಿ. ಹೊಲದ ಮೇಲ್ಮಣ್ಣು ಬೇಡ, ಅದರಲ್ಲಿನ ಬೇರು ಕೊಳೆತಂತೆ ನೆಲ ಕುಸಿಯುತ್ತದೆ.

ಗೋಡೆಗೆ ಅಲ್ಲಿನ ಮಣ್ಣೇ ಆಗಬಹುದು, ಆದರೆ ಮೇಲಿನ ಒಂದೂವರೆ ಅಡಿ ತೆಗೆದ ನಂತರದ್ದು. ಗಾಜಿನ ಜಾಡಿಯ ಮೂರನೇ ಒಂದು ಭಾಗಕ್ಕೆ ಮಣ್ಣು ಹಾಕಿ, ನೀರು ತುಂಬಿ ಕುಲುಕಿ ಒಂದು ದಿನ ಬಿಡಿ. ಮರಳು ಅಡಿಗೆ, ಜೇಡಿ ಮೇಲೆ ಕೂರುತ್ತದೆ. ಮರಳು ಅರ್ಧಕ್ಕಿಂತ ಕಡಿಮೆಯಿದ್ದರೆ ಇನ್ನಷ್ಟು ಮರಳು ಬೆರೆಸಬೇಕು. ತೂಕದಲ್ಲಿ ನೂರಕ್ಕೆ 7–8 ಪಾಲು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಇಟ್ಟಿಗೆ ಒತ್ತಿ. ನೀರಿನ ಹದ ಕೈಗೇ ಗೊತ್ತಾಗುತ್ತದೆ: ಉಂಡೆ ಕಟ್ಟಿ ಸೊಂಟದೆತ್ತರದಿಂದ ಬೀಳಿಸಿ. ನಾಲ್ಕೈದು ಹೋಳಾದರೆ ಸರಿ, ಪುಡಿಯಾದರೆ ನೀರು ಸಾಲದು, ಹಾಗೇ ಚಪ್ಪಟೆಯಾದರೆ ಹೆಚ್ಚಾಗಿದೆ. ಸಿಮೆಂಟ್ ಕಲಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಿ. ಇಟ್ಟಿಗೆಯನ್ನು 28 ದಿನ ನೆರಳಲ್ಲಿ ಒದ್ದೆಯಾಗಿಡಿ. ಅವಸರಕ್ಕೆ ಹತ್ತೇ ದಿನಕ್ಕೆ ಕಟ್ಟಿದರೆ ಅಂಚು ಉದುರುತ್ತದೆ.

ದಿನಕ್ಕೆ 4 ಅಡಿಗಿಂತ ಎತ್ತರ ಏರಿಸಬೇಡಿ, ತೂಗುಗುಂಡು ಪ್ರತಿ ಮೂರು ವರಸೆಗೊಮ್ಮೆ ಇಳಿಯಲಿ. 7 ಅಡಿಗೆ ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ), ಎರಡೂ ತುದಿ ಗೋಡೆಯ ಮೇಲೆ 6 ಇಂಚಾದರೂ ಕೂರಬೇಕು.

ಹೆಂಚಿನ ಸೂರಾದರೆ ಅಡ್ಡ 2 ಅಡಿಗೆ 1 ಅಡಿ ಏರು. 15 ಅಡಿ ಅಗಲಕ್ಕೆ ನಡುವಿನ ತೊಲೆ ಗೋಡೆಯ ತಲೆಯಿಂದ 3 ಅಡಿ 9 ಇಂಚು ಮೇಲೆ ಬರುತ್ತದೆ. ಇಳಿಜಾರು ತಗ್ಗಿಸಿದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತದೆ. ಸೂರು ಗೋಡೆಯಿಂದ 2 ಅಡಿ ಹೊರಚಾಚಲಿ. ಸೂರಿನ ನೀರು ಬೀಳುವ ಗೆರೆಯಲ್ಲೇ ಒಂದಡಿ ಅಗಲದ ಕಾಲುವೆ ತೋಡಿ, ಜಲ್ಲಿ ತುಂಬಿ, ಹೊಲದ ತಗ್ಗಿನ ಕಡೆಗೆ ಹರಿಬಿಡಿ.