ಅಟ್ಟದಿಂದ ಇಳಿಸಿದ ಪ್ಲೇಸ್ಟೇಷನ್‌ಗೆ ಪ್ಲಗ್ ಹಾಕುವ ಮುನ್ನ

ಆರಿದ್ರಾ ಮಳೆ ಹಿಡಿದು ಶಾಲೆಗೆ ರಜೆ ಕೊಟ್ಟ ದಿನವೇ ಅಟ್ಟದ ಮೇಲಿನ ಹಳೇ ಪ್ಲೇಸ್ಟೇಷನ್ 2 (ಟಿವಿಗೆ ಸಿಕ್ಕಿಸಿ ಡಿಸ್ಕ್ ಹಾಕಿ ಆಡುವ ಗೇಮ್ ಪೆಟ್ಟಿಗೆ, ಚಿಕ್ಕದಾಗಿ ಪಿಎಸ್2) ನೆನಪಾಗುವುದು. ಇಳಿಸುತ್ತಾರೆ, ಧೂಳು ಒರೆಸುತ್ತಾರೆ, ಪ್ಲಗ್ ಹಾಕಿ ಸ್ವಿಚ್ ಒತ್ತುತ್ತಾರೆ. ಎಡವಟ್ಟಾಗುವುದು ಅಲ್ಲೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜುಲೈ ಬಂತೆಂದರೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಈ ಪೆಟ್ಟಿಗೆಯ ಬೋರ್ಡು ಮಾತ್ರ ಒಣಗಿರುತ್ತದೆಯೇ? ತೇವ ಕುಡಿದ ಧೂಳಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಮಿಷನ್ ಸ್ವಿಚ್ ಹಾಕಿದ ಗಳಿಗೆಯಲ್ಲಿ ಸುಡುವುದು ಹೀಗೆ.

ಆದ್ದರಿಂದ ಮೊದಲ ಕೆಲಸ ಒಣಗಿಸುವುದು. ಅಕ್ಕಿ ಚೀಲದಲ್ಲಿ ಹೂತಿಡಬೇಡಿ, ತೌಡಿನ ಪುಡಿ ಫ್ಯಾನಿನ ಕಿಂಡಿಯಿಂದ ಒಳಗೆ ಸೇರುತ್ತದೆ. ಒಲೆಯ ಮೇಲಿನ ಹೊಗೆ ಅಟ್ಟ ಉಪ್ಪಾಗೆಗೆ ಸರಿ, ಇದಕ್ಕಲ್ಲ. ಹೊಗೆಯ ಜಿಡ್ಡು ಡಿಸ್ಕ್ ಓದುವ ಲೆನ್ಸ್ ಮೇಲೆ ಕೂತರೆ ಬಿಡಿಸುವುದು ಕಷ್ಟ. ದೊಡ್ಡ ರಟ್ಟಿನ ಪೆಟ್ಟಿಗೆ ತನ್ನಿ, ಮೇಲೆ ನಾಲ್ಕೈದು ತೂತು ಮಾಡಿ. ತಂತಿಯಿರುವ ಹಳೇ ಮಾದರಿಯ 40 ವ್ಯಾಟ್ ಬಲ್ಬನ್ನು ರಟ್ಟಿಗೆ ತಾಗದಂತೆ, ಮಿಷನ್ನಿನಿಂದ ಒಂದಡಿ ದೂರದಲ್ಲಿ ತೂಗಿಬಿಡಿ. ನಾಲ್ಕು ಗಂಟೆ ಸಾಕು. ಮುಟ್ಟಿದರೆ ಹದವಾಗಿ ಬೆಚ್ಚಗಿರಬೇಕು, ಅದಕ್ಕಿಂತ ಹೆಚ್ಚು ಕಾದರೆ ಬಲ್ಬನ್ನು ಇನ್ನಷ್ಟು ದೂರ ಸರಿಸಿ. ಬಲ್ಬ್ ಉರಿಯುತ್ತಿರುವಾಗ ತೋಟಕ್ಕೆ ಹೊರಟುಬಿಡಬೇಡಿ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಜೊತೆ ಒಂದು ರಾತ್ರಿ ಇಟ್ಟರೆ ಇನ್ನೂ ಒಳ್ಳೆಯದು.

<b>ದೀಪ ಹತ್ತದಿದ್ದರೆ</b>

ದಪ್ಪ ಮಾದರಿಗೆ ಹಿಂಬದಿಯಲ್ಲೊಂದು ಮುಖ್ಯ ಸ್ವಿಚ್ ಇದೆ, ಅದನ್ನು ಮರೆಯುವವರೇ ಹೆಚ್ಚು. ಅದು ಹಾಕಿದಾಗ ಮುಂದೆ ಕೆಂಪು ದೀಪ ಬರಬೇಕು. ಬರದಿದ್ದರೆ ವೈರ್ ಬದಲಿಸಿ ನೋಡಿ, ನಂತರ ಒಳಗಿನ ಫ್ಯೂಸ್. ತೆಳ್ಳಗಿನ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಅಡಾಪ್ಟರ್ ಇರುತ್ತದೆ (ಕೊನೆಗೆ ಬಂದ 90000 ಸರಣಿಗೆ ಇಲ್ಲ). ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ ಪಿನ್ನಿಗೆ ಹಿಡಿದರೆ 8.5ರ ಆಸುಪಾಸು ತೋರಿಸಬೇಕು. ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಚುಚ್ಚಿ ನೋಡುವ ಸಾಹಸ ಬೇಡವೇ ಬೇಡ. ಹಾಕಿದಾಗೆಲ್ಲ ತಾರೀಕು, ಭಾಷೆ ಕೇಳುತ್ತಿದ್ದರೆ ಅದು ದೊಡ್ಡ ಕಾಯಿಲೆಯಲ್ಲ, ಒಳಗಿನ ಸಿಆರ್2032 ಸೆಲ್ ಮುಗಿದಿದೆ ಅಷ್ಟೆ. ಮೆಮೊರಿ ಕಾರ್ಡಿನಲ್ಲಿರುವ ಆಟಕ್ಕೆ ಅದರಿಂದ ಏನೂ ಆಗುವುದಿಲ್ಲ.

<b>ಡಿಸ್ಕ್ ಓದದಿದ್ದರೆ</b>

ಲೆನ್ಸ್ ಹೋಯಿತು ಎಂದು ತೀರ್ಪು ಕೊಡುವ ಮೊದಲು ಡಿಸ್ಕಿನ ತಳ ನೋಡಿ. ಪಿಎಸ್1 (ಇದಕ್ಕೂ ಮೊದಲಿನ ಪ್ಲೇಸ್ಟೇಷನ್) ಆಟದ ತಳ ಕಪ್ಪು, ಸಿ.ಡಿ.ಯಲ್ಲಿ ಬಂದ ಪಿಎಸ್2 ಆಟದ್ದು ನೀಲಿ, ಡಿವಿಡಿಯದು ಬೆಳ್ಳಿ. ಸಿ.ಡಿ. ಓದುವ ಲೇಸರ್ 780 ನ್ಯಾನೋಮೀಟರಿನದು, ಡಿವಿಡಿಯದು 650. ಪಿಎಸ್2 ಒಳಗೆ ಇವೆರಡೂ ಬೇರೆ ಬೇರೆ. ಬೆಳ್ಳಿ ತಳದ್ದು ಓದಿ ನೀಲಿ, ಕಪ್ಪು ಎರಡೂ ಓದದಿದ್ದರೆ ಸಿ.ಡಿ. ಲೇಸರ್ ಸೋತಿದೆ ಎಂದೇ ಅರ್ಥ. ಯಾವುದೂ ಓದದಿದ್ದರೆ ಮಾತ್ರ ಬೂಷ್ಟು, ಜಿಡ್ಡಿನ ಮೇಲೆ ಅನುಮಾನಪಡಿ. ನೇರಳೆ ತಳದ ನಕಲಿ ಡಿಸ್ಕನ್ನು ಈ ಪರೀಕ್ಷೆಗೆ ಬಳಸಬೇಡಿ, ಅದು ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ.

ಲೆನ್ಸ್ ಒರೆಸಲು ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗದು, ಅದರ ಗ್ಲಿಸರಿನ್ ಪೊರೆ ಕಟ್ಟುತ್ತದೆ. ತೆಳ್ಳಗಿನ ಮಾದರಿಯ ಮುಚ್ಚಳ ಎತ್ತಿದರೆ ಲೆನ್ಸ್ ಕಣ್ಣೆದುರೇ. ಕಿವಿಕಡ್ಡಿಯ ಹತ್ತಿಗೆ ಒಂದು ಹನಿ ಮುಟ್ಟಿಸಿ, ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಹಗುರವಾಗಿ ಒಂದು ಸುತ್ತು, ಆಮೇಲೆ ಒಣ ಹತ್ತಿಯಿಂದ ಇನ್ನೊಂದು. ಲೆನ್ಸ್ ಸ್ಪ್ರಿಂಗಿನ ಮೇಲಿದ್ದಂತೆ ಅಲುಗುತ್ತದೆ, ಹೆದರಬೇಡಿ, ಒತ್ತಲೂ ಬೇಡಿ. ಹತ್ತು ನಿಮಿಷ ಆರಲು ಬಿಡಿ. ದಪ್ಪ ಮಾದರಿಯನ್ನು ಬಿಚ್ಚುವವರು ಮೇಲಿನ ಕವಚವನ್ನು ಸರಕ್ಕನೆ ಎಳೆಯಬಾರದು. ಮುಂದಿನ ಬಟನ್ನುಗಳಿಗೆ ಹೋಗುವ ರಿಬ್ಬನ್ ವೈರ್ ಕಾಗದದಷ್ಟು ತೆಳು, ಹರಿದರೆ ಮಿಷನ್ ಆನ್ ಮಾಡಲಾಗದು. ಲೇಸರಿನ ಪುಟ್ಟ ಸ್ಕ್ರೂ ತಿರುಗಿಸಿ ಶಕ್ತಿ ಹೆಚ್ಚಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾಲ್ಕು ದಿನ ಓಡುತ್ತದೆ, ಆಮೇಲೆ ಲೇಸರೇ ಸುಟ್ಟುಹೋಗುತ್ತದೆ.

ಡಿಸ್ಕಿನ ಬೂಷ್ಟಿಗೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಪಂಚೆಯ ಮೆತ್ತನೆ ತುಂಡು. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ಒರೆಸಿದರೆ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬಿದ್ದು, ಮಿಷನ್ ಅದನ್ನು ತಾನೇ ತಿದ್ದಿಕೊಳ್ಳಲಾರದು.

<b>ಯಾವ ಆಟ ಹಾಕಿ ನೋಡುವುದು?</b>

ಕಾರ್ ರೇಸ್, ಕ್ರಿಕೆಟ್ ಎಲ್ಲರೂ ಆಡಿದ್ದೇ. ರಿಪೇರಿಯ ನಂತರ ಪರೀಕ್ಷೆಗೆ ಸಾಹಸದ ಆಟವೇ ವಾಸಿ. ಪಾತ್ರಗಳ ಮಾತು ಡಿಸ್ಕಿನಿಂದ ಬರುತ್ತಲೇ ಇರಬೇಕಾದ್ದರಿಂದ ಲೆನ್ಸ್ ತುಸು ಸೋತಿದ್ದರೂ ಮಾತು ತೊದಲುತ್ತದೆ. 1996ರ ‘ಬ್ರೋಕನ್ ಸ್ವೋರ್ಡ್’ ಪಿಎಸ್1 ಆಟ, ಪಿಎಸ್2ರಲ್ಲೂ ಓಡುತ್ತದೆ. ಪ್ಯಾರಿಸ್ಸಿನ ಕೆಫೆಯೊಂದರ ಸ್ಫೋಟದಿಂದ ಕಥೆ ಶುರು. ನಡುವೆ ಐರ್ಲೆಂಡಿನಲ್ಲೊಂದು ಮೇಕೆ ದಾರಿಗಡ್ಡ ನಿಂತು ಎಷ್ಟೋ ಮಂದಿಯನ್ನು ಆಟ ಬಿಡಿಸಿದೆ. ಒಮ್ಮೆ ಹಾಯಿಸಿಕೊಳ್ಳಿ, ಬಿದ್ದು ಏಳುವಾಗಲೇ ಪಕ್ಕದ ಹಳೇ ಉಳುವ ಯಂತ್ರದತ್ತ ಓಡಿದರೆ ಮೇಕೆಯ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಪಿಎಸ್1 ಆಟ 8 ಎಂ.ಬಿ.ಯ ಪಿಎಸ್2 ಕಾರ್ಡಿನಲ್ಲಿ ಸೇವ್ ಆಗುವುದಿಲ್ಲ. ಹದಿನೈದು ಬ್ಲಾಕಿನ ಹಳೇ ಪಿಎಸ್1 ಕಾರ್ಡೇ ಬೇಕು.

ಮಿಷನ್ ಯಾವುದಕ್ಕೂ ಬಗ್ಗದಿದ್ದರೆ ಮೊಬೈಲಿಗೆ ಹಳೇ ಸಾಹಸದ ಆಟಗಳನ್ನು ಓಡಿಸುವ ಆ್ಯಪ್ ಸ್ಕಮ್‌ವಿಎಂ ಹಾಕಿಕೊಂಡು 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಆಡಬಹುದು, 2003ರಿಂದ ಅದು ಉಚಿತ.

ಪಿಎಸ್2ಗೆಂದೇ 2001ರಲ್ಲಿ ಬಂದ ‘ಐಕೋ’ದಲ್ಲಿ ಮಾತು ಕಡಿಮೆ, ಕೋಟೆ ದೊಡ್ಡದು. ಕೊಂಬಿನ ಹುಡುಗ ಹುಡುಗಿಯೊಬ್ಬಳ ಕೈ ಹಿಡಿದು ನಡೆಸಿಕೊಂಡು ಹೋಗಬೇಕು. ಸೇವ್ ಆಗುವುದು ಇಬ್ಬರೂ ಹೊಳೆಯುವ ಕಲ್ಲುಬೆಂಚಿನ ಮೇಲೆ ಕೂತಾಗ ಮಾತ್ರ. ಮರ ಬಿದ್ದು ಯಾವಾಗ ಕರೆಂಟು ಹೋಗುತ್ತದೋ ಹೇಳಲಾಗದ ನಮ್ಮ ಕಡೆ ಬೆಂಚು ಕಂಡಲ್ಲೆಲ್ಲ ಕೂರಿಸಿ. ಗುಡುಗು ಕೇಳಿಸಿತೋ, ಪ್ಲಗ್ ಕಿತ್ತರಷ್ಟೇ ಸಾಲದು. ಟಿವಿಗೆ ಹೋಗುವ ಹಳದಿ, ಬಿಳಿ, ಕೆಂಪು ಪಿನ್ನುಗಳನ್ನೂ ಕೀಳಿ. ಸಿಡಿಲು ಸೂರಿನ ಮೇಲಿನ ಡಿಶ್ ವೈರಿನಿಂದ ಟಿವಿಗೆ ಇಳಿದು, ಆ ದಾರಿಯಲ್ಲೂ ಒಳಗೆ ಬರುತ್ತದೆ.