ಕಾದಂಬರಿಯ ಪುಟದಲ್ಲೇ ಕವಿತೆ ಹುಡುಕೋದು ಹೇಗೆ?

ಅಚ್ಚಾದ ಪುಟದಲ್ಲಿ ಕೆಲವು ಪದಗಳನ್ನಷ್ಟೇ ಉಳಿಸಿ, ಮಿಕ್ಕಿದ್ದನ್ನು ಮುಚ್ಚಿ ಕವಿತೆ ಮಾಡುವ ಈ ಚಟುವಟಿಕೆಗೆ, ಒಂಬತ್ತನೇ, ಹತ್ತನೇ ಕ್ಲಾಸಿನಲ್ಲಿ ‘ಕರ್ವಾಲೊ’ ತುಂಬಾ ಒಳ್ಳೆಯ ಆಯ್ಕೆ. ತೇಜಸ್ವಿಯವರ ಈ ಕಾದಂಬರಿ ಬಂದಿದ್ದು 1980ರಲ್ಲಿ. ಜೇನು, ಕಾಡು, ಮಂದಣ್ಣ, ಹಾರುವ ಓತಿ, ಎಲ್ಲವೂ ಮಕ್ಕಳಿಗೆ ಹಿಡಿಸುತ್ತದೆ. ಮೊದಲು ಪೂರ್ತಿ ಓದಿಸಿ. ಕಥೆ ಗೊತ್ತಿಲ್ಲದೆ ಸುಮ್ನೆ ಪದ ಆರಿಸಿದರೆ ಏನೂ ಹುಟ್ಟಲ್ಲ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಪುಟದ ಜೆರಾಕ್ಸ್ ಕೊಡಿ. ಲೈಬ್ರರಿ ಪುಸ್ತಕದ ಮೇಲೆ ಗೀಚುವುದು ಬೇಡ, ದಯವಿಟ್ಟು. ಮನಸ್ಸಿಗೆ ತಾಗಿದ ಹದಿನೈದು ಇಪ್ಪತ್ತು ಪದಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಲಿ, ಜೋರಾಗಿ ಓದಿ ನೋಡಲಿ, ಅರ್ಧದಷ್ಟನ್ನು ಬಿಡಲಿ. ಪದಗಳ ಕ್ರಮ ಬದಲಿಸುವಂತಿಲ್ಲ, ಹೊಸ ಪದ ಸೇರಿಸುವಂತಿಲ್ಲ. ಉಳಿದದ್ದನ್ನೆಲ್ಲ ಕಪ್ಪು ಸ್ಕೆಚ್ ಪೆನ್ನಿನಿಂದ ಮುಚ್ಚಿದರೆ ಆಯ್ತು.

ನಿಜವಾದ ಮಜಾ ಇರುವುದು ಪ್ರತ್ಯಯಗಳಲ್ಲಿ. ಕನ್ನಡದಲ್ಲಿ ಅವು ಪದಕ್ಕೇ ಅಂಟಿಕೊಂಡಿರುತ್ತವೆ ಅಲ್ವಾ, ಹಾಗಾಗಿ ಬಾಲ ಮುಚ್ಚಲು ಅವಕಾಶ ಕೊಡಿ. ‘ಮರದಿಂದ’ದಲ್ಲಿ ಕೊನೆಯೆರಡು ಅಕ್ಷರ ಮುಚ್ಚಿದರೆ ‘ಮರ’ ಸಿಗುತ್ತದೆ, ಆದರೆ ‘ಕಾಡಿನಲ್ಲಿ’ ಅಷ್ಟು ಸುಲಭಕ್ಕೆ ‘ಕಾಡು’ ಆಗಲ್ಲ. ‘ಹಾರಲಿಲ್ಲ’ ಎಂಬಲ್ಲಿ ಕೊನೆಯ ಅಕ್ಷರ ಮುಚ್ಚಿ ನೋಡಿ: ‘ಹಾರಲಿ’! ಇನ್ನೊಂದನ್ನೂ ಮುಚ್ಚಿದರೆ ಕೊರಳಿಗೆ ಹಾಕುವ ‘ಹಾರ’. ವ್ಯಾಕರಣದ ಪೀರಿಯಡ್‌ನಲ್ಲಿ ಆಕಳಿಸುವ ಮಕ್ಕಳೂ ಇಲ್ಲಿ ಬಗ್ಗಿ ಕೂತು ಅಕ್ಷರ ಎಣಿಸುತ್ತಾರೆ.

ಕೊನೆಗೆ ಪ್ರತಿಯೊಬ್ಬರೂ ತಮ್ಮ ಕವಿತೆ ಓದಿ, ಯಾವ ಪದ ಬಿಟ್ಟೆ, ಯಾಕೆ ಬಿಟ್ಟೆ ಅಂತ ಎರಡು ಸಾಲು ಬರೆಯಲಿ. ಅಂಕ ಕೊಡಲೇಬೇಕಿದ್ದರೆ ಕವಿತೆಗಲ್ಲ, ಈ ಎರಡು ಸಾಲಿಗೆ ಕೊಡಿ.